ಮಾತು ಸಾಗಿಸುವ ಎರಡು ವಿಧಾನ

ಎಂಬತ್ತರ ದಶಕದ ಕೊನೆಗೆ, ನಾನು ಗುಮಾಸ್ತನಾಗಿದ್ದ ಹುಬ್ಬಳ್ಳಿಯ ಹತ್ತಿ ವ್ಯಾಪಾರದ ಕಚೇರಿಗೆ ಕಂಪ್ಯೂಟರ್ ದಯಮಾಡಿಸಿತು. ಅದಕ್ಕೊಂದು ಪ್ರತ್ಯೇಕ ಕೋಣೆ, ಕೋಣೆಗೆ ತಂಪುಗಾಳಿಯ ಯಂತ್ರ, ಬಾಗಿಲಲ್ಲಿ ಚಪ್ಪಲಿ ಬಿಡುವ ನಿಯಮ. ನಮ್ಮೂರ ದೇವರಿಗೂ ಅಷ್ಟು ಉಪಚಾರ ಇರಲಿಲ್ಲ. ಪೂಜೆಯ ಕಾಯಿಯನ್ನು ಮಾತ್ರ ಹೊರಗೆ ರಸ್ತೆಯಲ್ಲಿ ಒಡೆದೆವು. ನೀರು ಸಿಡಿದರೆ ದೇವರೇ ಸುಟ್ಟುಹೋದೀತು ಎಂದು ಕಲಿಸಲು ಬಂದ ಪುಣೆಯ ಮಾಸ್ತರರು ತಾಕೀತು ಮಾಡಿದ್ದರು.

ಮಾಸ್ತರರು ನನಗೆ ಮೊದಲು ಬೋಧಿಸಿದ್ದು ಹಾರ್ಡ್ ಡಿಸ್ಕಿನ ಧರ್ಮ. ಇಟ್ಟಂಗಿಯಷ್ಟು ದಪ್ಪದ ಆ ಪೆಟ್ಟಿಗೆಯಿಂದ ಮಾಹಿತಿ ಮೆಮರಿಗೆ ಹೋಗುವುದು ಎರಡು ವಿಧಾನದಲ್ಲಿ ಎಂದರು. ಮೊದಲನೆಯದಕ್ಕೆ ಪಿಐಓ ಎಂದು ಹೆಸರು. ಅದರಲ್ಲಿ ಪ್ರೊಸೆಸರೇ ಹಮಾಲ. ಡಿಸ್ಕಿಗೆ "ತಯಾರಾತೇನು" ಎಂದು ಕೇಳಬೇಕು, ಕೊಟ್ಟಷ್ಟನ್ನು ಎತ್ತಿಕೊಂಡು ಮೆಮರಿಗೆ ಇಟ್ಟು ಬರಬೇಕು, ಮತ್ತೆ ಕೇಳಬೇಕು. ಅದು ಮುಗಿಯುವ ತನಕ ಬೇರೆ ಕೆಲಸವಿಲ್ಲ. ಎರಡನೆಯದು ಡಿಎಂಎ. ಇಲ್ಲಿ ಪ್ರೊಸೆಸರ್ "ಇಲ್ಲಿಂದ ಅಲ್ಲಿಗೆ, ಇಷ್ಟು" ಎಂದು ಅಪ್ಪಣೆ ಕೊಟ್ಟು ಪಕ್ಕಕ್ಕೆ ಸರಿಯುತ್ತದೆ. ಮಾಹಿತಿ ನೇರವಾಗಿ ಹೋಗುತ್ತದೆ, ಮುಗಿದ ಮೇಲೆ ಸುದ್ದಿ ಬರುತ್ತದೆ. ನಮ್ಮ ಯಂತ್ರದಲ್ಲಿ ಬಡಪಾಯಿ ಫ್ಲಾಪಿಗೆ ಎರಡನೆಯ ವಿಧಾನ, ದೊಡ್ಡಪ್ಪನಂಥ ಹಾರ್ಡ್ ಡಿಸ್ಕಿಗೆ ಮೊದಲನೆಯದು. ಬೆಳಕಿನಿಂದ ಓದುವ ತಟ್ಟೆಗಳು ಬರುತ್ತವಂತೆ, ಅವಕ್ಕೂ ಈ ಎರಡೇ ದಾರಿ ಎಂದರು ಮಾಸ್ತರರು.

ಉಳಿದವರಿಗೆ ಇದು ತಲೆಗೆ ಹತ್ತಲಿಲ್ಲ. ನನಗೆ ಕೂಡಲೇ ಹತ್ತಿತು. ಮೊದಲನೆಯ ವಿಧಾನವನ್ನು ನಾನು ಹುಟ್ಟಿದಾಗಿನಿಂದ ಮನೆಯಲ್ಲೇ ನೋಡುತ್ತ ಬಂದಿದ್ದೆ.

ಕುಬಿಹಾಳದ ನಮ್ಮ ಮನೆಯಲ್ಲಿ ಅಪ್ಪನೂ ಅವನ ತಮ್ಮ, ನಮ್ಮ ಕಾಕಾನೂ ಮಾತು ಬಿಟ್ಟಿದ್ದರು. ಹೊಲ ಹಂಚುವಾಗ ಬದುವಿನ ಮೇಲಿನ ಬೇವಿನ ಗಿಡ ಯಾರದೆಂದು ಹುಟ್ಟಿದ ಜಗಳ. ಹೊಲ ಎರಡಾಗಿತ್ತು, ಗಿಡ ಮಾತ್ರ ಯಾರದೂ ಆಗದೆ ಬೆಳೆಯುತ್ತಿತ್ತು. ಅದರ ನೆರಳಿಗೆ ಇಬ್ಬರೂ ಕೂಡುತ್ತಿರಲಿಲ್ಲ. ಎತ್ತು, ಎಮ್ಮೆ, ಬಿತ್ತುವ ಕೂರಿಗೆ ಮಾತ್ರ ಇಬ್ಬರಿಗೂ ಕೂಡಿಯೇ ಇದ್ದವು. ಕಾಕಾ ಮದುವೆಯಾಗಿರಲಿಲ್ಲವಾದ್ದರಿಂದ ಒಲೆ ಒಂದೇ ಉಳಿದಿತ್ತು, ಒಲೆಯ ಮುಂದೆ ಅವ್ವ.

ಇಬ್ಬರೂ ಬಾಜೂಬಾಜೂ ಉಣ್ಣಲು ಕೂಡುವರು. ಅಪ್ಪ ಗೋಡೆ ನೋಡುತ್ತ ಅನ್ನುವನು: "ನಾಳಿ ಬಿತ್ತೂದಂತ ಹೇಳ ಅವಗ."

ಮೊಣಕೈ ತಾಗುವಷ್ಟು ಹತ್ತಿರ ಕೂತ ಕಾಕಾನಿಗೆ ಅದು ಕೇಳಿಸುತ್ತಿರಲಿಲ್ಲ. ರೊಟ್ಟಿ ಮುರಿಯುತ್ತ ಕಾಯುವನು.

"ತಮ್ಮಾ, ನಾಳಿ ಬಿತ್ತೂದಂತ," ಎಂದು ಅವ್ವ ಹೇಳಿದ ಮೇಲೆಯೇ, ಅತ್ತಿಗೆಯ ಮಾತಿಗೆ, ಅವನ ಕಿವಿ ತೆರೆಯುವುದು.

"ನಾಳಿ ಅಮಾಸಿ. ಎತ್ತಿನ ಹೆಗಲಿಗೆ ನೊಗ ಇಡೂದಿಲ್ಲಂತ ಹೇಳ್ರಿ ವೈನಿ."

"ಅಮಾಸಿ ಅಂತ್ರೀ."

"ಅಂವಗೂ ಎತ್ತಿಗೂ ಏನ್ ಫರಕ್ ಐತಿ, ಕೇಳ."

ಅವ್ವ ಕಾಕಾನ ತಾಟಿಗೆ ಪಲ್ಯ ಬಡಿಸುತ್ತ, "ನಾಡದ ಆದ್ರ ನಡೀತೈತೇನಂತ ಕೇಳಾಕ್ಹತ್ತಾರ," ಅನ್ನುವಳು.

ಇಲ್ಲಿ ಮಾತ್ರ ಅವ್ವ ಶಾಸ್ತ್ರ ಮೀರುತ್ತಿದ್ದಳು. ಪ್ರೊಸೆಸರ್ ಎತ್ತಿಕೊಂಡದ್ದನ್ನೇ ಇಳಿಸುತ್ತದೆ.

ಕಂಪ್ಯೂಟರ್ ಬಂದ ವರ್ಷದ ಬೇಸಿಗೆಯಲ್ಲಿ ಅವ್ವನಿಗೆ ಎದೆಯ ಬೇನೆ ಹತ್ತಿತು. ನಾಲ್ಕು ಮಾತಾಡಿದರೆ ಉಸಿರು ಸಿಗದು. ಓಡಾಟ ಬೇಡ, ಮಾತು ಬೇಡ, ಇಲ್ಲದಿದ್ದರೆ ಬಹಳ ದಿನ ಉಳಿಯುವುದಿಲ್ಲ ಎಂದರು ಹುಬ್ಬಳ್ಳಿಯ ಡಾಕ್ಟರರು. ಶನಿವಾರ ಊರಿಗೆ ಬಂದವನು, ಪಡಸಾಲೆಯಲ್ಲಿ ಮಲಗಿದ್ದ ಅವ್ವನಿಗೆ ಎರಡನೆಯ ವಿಧಾನ ವಿವರಿಸಿದೆ. ನೀನು ನಡುವಿನಿಂದ ಸರಿ, ಅವರಿಬ್ಬರೂ ನೇರ ಮಾತಾಡಲಿ ಎಂದೆ.

ಅವ್ವ ನಕ್ಕಳು, ಕೆಮ್ಮಿದಳು. "ಅಂದದ್ದು ಅಂದಂಗ ಮುಟ್ಟಿದ್ರ ಈ ಮನ್ಯಾಗ ಯಾರ ತಲಿ ಉಳೀತಿತ್ತಲೇ?"

ಆದರೂ ನಾನು ಇಬ್ಬರ ಬಳಿಗೂ ಹೋದೆ. "ಸಣ್ಣಾಂವ ಅಂವ. ಮೊದಲ ಅಂವ ಮಾತಾಡ್ಲಿ," ಎಂದ ಅಪ್ಪ. "ದೊಡ್ಡಾವ್ರು ಅವ್ರು. ಮೊದಲ ಅವ್ರ ಮಾತಾಡ್ಬೇಕು," ಎಂದ ಕಾಕಾ. ಸೋದರರ ನಡುವೆ ಇಷ್ಟು ಒಮ್ಮತ ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಡಾಕ್ಟರರ ಮಾತಿಗೆ ಅವ್ವ ಕೆಲವು ದಿನ ಮಾತು ಸಾಗಿಸುವುದನ್ನು ಬಿಟ್ಟಳು. ಅವರೂ ಸುಮ್ಮನಾದರು. ಅಪ್ಪ ಅರ್ಧ ಹೊಲ ಬಿತ್ತಿದ್ದ, ಕಾಕಾ ಆ ದಿನವೇ ಕೂರಿಗೆ ಬೇರೆಯವರಿಗೆ ಕೊಟ್ಟುಬಿಟ್ಟ. ಎಮ್ಮೆಗೆ ಒಂದು ಹೊತ್ತು ಇಬ್ಬರೂ ನೀರು ಕುಡಿಸಿದರು, ಇನ್ನೊಂದು ಹೊತ್ತು ಒಬ್ಬರೂ ಇಲ್ಲ. ಅದು ಗೂಟದಲ್ಲಿ ಒದರುವುದನ್ನು ಕೇಳಲಾರದೆ ಅವ್ವ ಮೊಣಕೈ ಊರಿ ಎದ್ದಳು. "ತಮ್ಮಾ, ಎಮ್ಮಿ..." ಎಂದು ಶುರುಮಾಡಿದಳು. ಮತ್ತೆ ನಿಲ್ಲಿಸಲಿಲ್ಲ. ನಾನು ಗದರಿಸಿದರೆ, "ನೀ ನಿನ್ನ ಮಿಷನ್ ನೋಡ್ಕೋ ಹೋಗ," ಅನ್ನುವಳು.

ಸುಗ್ಗಿಗೆ ಮೊದಲೇ ಅವ್ವ ಹೋದಳು.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಪಡಸಾಲೆಯ ಗೋಡೆಗೆ ಒರಗಿಸಿ, ಹಣೆಗೆ ವಿಭೂತಿ ಹಚ್ಚಿ, ಹೂವಿನ ಮಾಲೆ ಹಾಕಿ ಕೂಡಿಸಿದರು. ಒಂದು ಬದಿಗೆ ಅಪ್ಪ, ಇನ್ನೊಂದು ಬದಿಗೆ ಕಾಕಾ. ನಡುವೆ ಎಂದಿನಂತೆ ಅವ್ವ. ಭಜನೆ ನಡೆದಿತ್ತು. ಹೂಳಲು ತಗ್ಗು ಎಲ್ಲಿ ತೋಡಬೇಕೆಂದು ಓಣಿಯ ಹಿರಿಯರೊಬ್ಬರು ಬಂದು ಕೇಳಿದರು.

ಅಪ್ಪ ಗೋಡೆ ನೋಡುತ್ತ ಅಂದ: "ಎಲ್ಲಿ ತೋಡೂದಂತ ಕೇಳ ಅವಗ."

ರೂಢಿ. ಅಂದ ಮೇಲೆ ಅವನಿಗೇ ತಿಳಿಯಿತು. ಭಜನೆ ನಿಂತಿತು. ಎಲ್ಲರೂ ನನ್ನತ್ತ ನೋಡಿದರು, ಇನ್ನು ಒಯ್ದು ಮುಟ್ಟಿಸುವವನು ನಾನೇ ಎಂಬಂತೆ. ನಾನು ಪಕ್ಕಕ್ಕೆ ಸರಿದೆ.

ಕಾಕಾ ಅವ್ವನ ಮುಖ ನೋಡಿದ. ಆಮೇಲೆ, "ಬೇವಿನ ಗಿಡದ ಬುಡಕ ಅಂತ ಹೇಳ್ರಿ ವೈನಿ," ಎಂದ.

ಅಪ್ಪ ಅವ್ವನ ಕಡೆಗೆ ಕಿವಿ ವಾಲಿಸಿಕೊಂಡೇ ಕೂತಿದ್ದ. ಆಕೆ ಹೇಳುವಷ್ಟು ಹೊತ್ತು ಕಾದ.

"ಆತಂತ ಹೇಳ," ಎಂದ.

ಆಮೇಲೆ ಇಬ್ಬರೂ ಎದ್ದು, ಒಬ್ಬರ ಹಿಂದೊಬ್ಬರು, ಸಲಿಕೆ ಹುಡುಕಲು ಹಿತ್ತಿಲಿಗೆ ಹೋದರು.