ದೂರು ಹೇಳಲು ಬಾರದವಳು ಎಂದು ಬರೆದರು

ಮಕ್ಕಳೇ, ಬಿಬವೇವಾಡಿಯ ಬಾಲವಾಡಿಯಲ್ಲಿ ನಾನು ಆಯಾ ಆಗಿರುವುದು ನಿಮಗೆ ಗೊತ್ತು. ಆ ಕೆಲಸ ಹೇಗೆ ಸಿಕ್ಕಿತೆಂದು ಯಾರಿಗೂ ಹೇಳಿಲ್ಲ. ಬಾಯಿಬಿಟ್ಟು ಹೇಳಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೂ ನಾನು ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದೆ. ಕೊನೆಗೆ ಮೊಣಕಾಲು ಕೈಕೊಟ್ಟವು. ಬುಟ್ಟಿ ಹೊತ್ತು ಮೆಟ್ಟಿಲು ಹತ್ತಲು ಆಗದಾಯಿತು. ನನ್ನಿಂದ ಆಗುವಂಥದ್ದು ಈ ಆಯಾ ಕೆಲಸ ಒಂದೇ. ಆದರೆ ಅಲ್ಲಿನ ಟೀಚರ್ ಒಂದು ಷರತ್ತು ಹಾಕಿದರು. ಮರಾಠಿ ಮಾತಿನ ತರಗತಿಗೆ ಬಂದು ಪರೀಕ್ಷೆ ಕೊಡಬೇಕು. ಮಕ್ಕಳ ತಾಯಂದಿರಿಗೆ ದೂರು ಹೇಳಲು, ತಪ್ಪಾದರೆ ಕ್ಷಮೆ ಕೇಳಲು ಬರಬೇಕು. ಮರಾಠಿ ನನಗೆ ಬಾರದೇ? ಇಷ್ಟು ವರ್ಷ ಇಲ್ಲಿನ ಸಂತೆಯಲ್ಲಿ ಯಾವ ಭಾಷೆಯಲ್ಲಿ ಚೌಕಾಸಿ ಮಾಡಿದೆ?

ಪರೀಕ್ಷೆಯಲ್ಲಿ ಟೀಚರ್ ನನ್ನ ಮೇಲಿನ ಮಹಡಿಯ ಮನೆಯವಳ ಪಾತ್ರದಲ್ಲಿ ಕೂತರು. ಅವಳ ಮನೆಯ ನೀರು ನಾನು ಒಣಹಾಕಿದ ಬಟ್ಟೆಯ ಮೇಲೆ ಬೀಳುತ್ತದೆ, ನಾನು ಹೋಗಿ ದೂರು ಹೇಳಬೇಕು. ನಮ್ಮೂರಿನ ರೀತಿಯಲ್ಲೇ ಹೇಳಿದೆ. ಊಟವಾಯಿತೇ, ಮೈ ಹುಷಾರಿದೆಯೇ ಎಂದು ಕೇಳಿದೆ. ಆಮೇಲೆ ಅವಳ ಪಕ್ಕದಲ್ಲಿ ಕೂಸೊಂದು ಇದೆಯೆಂದುಕೊಂಡು, ಅದರ ಕಡೆ ತಿರುಗಿ, ನಮ್ಮ ಬಟ್ಟೆ ಇವತ್ತೂ ಒಣಗಲಿಲ್ಲ ನೋಡು ಎಂದೆ. ನೆರೆಯವಳ ಮುಖಕ್ಕೆ ಹೊಡೆದಂತೆ ನಮ್ಮಲ್ಲಿ ಯಾರು ಹೇಳುತ್ತಾರೆ? ಕೂಸಿಗೆ ಹೇಳಿದ್ದು ತಾಯಿಗೆ ಮುಟ್ಟುತ್ತದೆ. ಅವಳ ಮಾನವೂ ಉಳಿಯುತ್ತದೆ.

ಎರಡನೆಯದು ಕ್ಷಮೆ. ಅದೇ ಮೇಲಿನ ಮನೆಯವಳಿಂದ ತಂದ ಮಿಕ್ಸರ್ ನನ್ನ ಕೈಯಲ್ಲಿ ಕೆಟ್ಟಿದೆ ಎಂದಿಟ್ಟುಕೊಳ್ಳಬೇಕು. ನಾನು ನೆಲದ ಮೇಲೆ ಕೂತು, ಕುಡಿಯಲು ನೀರು ಕೊಡಿ ಎಂದೆ. ನಮ್ಮೂರಲ್ಲಿ ತಪ್ಪು ಮಾಡಿದವಳು ಅವರ ಮನೆಗೆ ಹೋಗಿ, ಕೆಳಗೆ ಕೂತು ನೀರು ಕೇಳುತ್ತಾಳೆ. ಅವರು ಕೊಟ್ಟರೆ ಮುಗಿಯಿತು, ಆ ವಿಷಯವನ್ನು ಮತ್ತೆ ಯಾರೂ ಎತ್ತುವುದಿಲ್ಲ.

ತರಗತಿಯ ಹೆಂಗಸರೆಲ್ಲ ನಕ್ಕರು. ಟೀಚರ್ ಕೂಡ ನಗುತ್ತಾ ತಮ್ಮ ನೀರಿನ ಬಾಟಲಿ ನನ್ನತ್ತ ಚಾಚಿದರು. ಆಮೇಲೆ ನನ್ನ ಹಾಳೆಯಲ್ಲಿ ಬರೆದು, ಬರೆದದ್ದನ್ನು ಎಲ್ಲರೆದುರು ಓದಿದರು. ಈಕೆಗೆ ದೂರು ಹೇಳಲು ಬರುವುದಿಲ್ಲ, ಕ್ಷಮೆ ಕೇಳಲು ಬರುವುದಿಲ್ಲ. ಅಂದರೆ ಕೆಲಸ ಇಲ್ಲ.

ಜೊತೆಗೆ ಕಲಿಯುತ್ತಿದ್ದ ಯಾದಗಿರಿ ಕಡೆಯ ಗೆಳತಿ ದಾರಿಯಲ್ಲಿ, "ಅಕ್ಕಾ, ನೀರ್ ಯಾಕ ಕೇಳಿದಿ? ಚಾ ಕೇಳಿದ್ರ ಪಾಸಾದ್ರೂ ಆಗ್ತಿದ್ದಿ," ಎಂದಳು. ನನಗೆ ನಗು ಬರಲಿಲ್ಲ. ಕಿವಿ ಸುಡುತ್ತಿದ್ದವು.

ಮರುದಿನ ಹೋಗಿ ಬಾಗಿಲಲ್ಲೇ ನಿಂತೆ. ಟೀಚರ್ ಮುಖ ನೋಡಿ ಮರಾಠಿಯಲ್ಲೇ ಹೇಳಿದೆ: ನೀವು ಕಲಿಸಿದ್ದು ಮಾತು, ಪರೀಕ್ಷೆ ಮಾಡಿದ್ದು ನಡತೆ. ನಿಮ್ಮ ನಡತೆ ಬೇಕಿದ್ದರೆ ಮೊದಲು ಅದನ್ನು ಕಲಿಸಬೇಕಿತ್ತು. ನಮ್ಮ ತಾಯಿ ಕಲಿಸಿದ ನಡತೆಗೆ ಸೊನ್ನೆ ಹಾಕಲು ನೀವು ಯಾರು?

ಅವರು ಮೊಬೈಲಿನಿಂದ ಕಣ್ಣೆತ್ತಿದರು. "ಸಾರಿ ಹಂ, ಆಜಿ," ಎಂದು ಮತ್ತೆ ಮೊಬೈಲ್ ನೋಡಿದರು.

ಅಷ್ಟೇ. ಅವರ ಪರೀಕ್ಷೆಯಲ್ಲಿ ಇದಕ್ಕೆ ಪೂರ್ತಿ ಅಂಕ. ಆಮೇಲೆ, ಇನ್ನೊಮ್ಮೆ ಹೇಳಿ, ಈ ಸಲ ನೇರವಾಗಿ ಹೇಳಿ, ಇಲ್ಲಿನ ತಾಯಂದಿರಿಗೆ ಸುತ್ತಿ ಬಳಸಿ ಹೇಳಿದ್ದನ್ನು ಕೇಳುವಷ್ಟು ಪುರುಸೊತ್ತಿಲ್ಲ ಎಂದರು. ಬೇಡ ಎಂದು ತಿರುಗಿ ಬರಬೇಕೆನಿಸಿತು. ಆದರೆ ಮತ್ತೆ ಬುಟ್ಟಿ ಹೊರಲು ನನ್ನಿಂದ ಸಾಧ್ಯವಿರಲಿಲ್ಲ. ಕೂತೆ. ನಿಮ್ಮ ನೀರು ನಿಲ್ಲಿಸಿ ಎಂದೆ. ನನ್ನಿಂದ ತಪ್ಪಾಯಿತು, ಮಾಫ್ ಕರಾ ಎಂದೆ. ಮನಸ್ಸಿಗೆ ಏನೂ ಅನ್ನಿಸಲಿಲ್ಲ, ಬಾಯಿಪಾಠ ಒಪ್ಪಿಸಿದ ಹಾಗಾಯಿತು. ಟೀಚರ್ ಗುರುತು ಹಾಕಿ, ಎಷ್ಟು ಸುಲಭ ನೋಡಿ, ಸೋಮವಾರದಿಂದ ಬನ್ನಿ ಎಂದರು.

ಹೋದೆ, ಈಗಲೂ ಹೋಗುತ್ತಿದ್ದೇನೆ. ದಿನಾ ಯಾರಾದರೊಬ್ಬ ತಾಯಿಗೆ ಆ ಮಾಫ್ ಕರಾ ಹೇಳುತ್ತೇನೆ. ನಾನು ಹೇಳಿ ಮುಗಿಸುವ ಮೊದಲೇ ಅವಳು ಗೇಟು ದಾಟಿರುತ್ತಾಳೆ. ಪ್ರತಿ ಸಲವೂ ಮೈ ಉರಿಯುತ್ತದೆ.

ನೀವೂ ನನ್ನ ಕಾಲು ತುಳಿದು, ಓಡುತ್ತಲೇ "ಸಾರಿ ಅಜ್ಜಿ" ಎನ್ನುತ್ತೀರಿ. ನನ್ನ ಹತ್ತಿರ ಅದು ನಡೆಯುವುದಿಲ್ಲ. ಓಡಬೇಡಿ, ನಿಂತು ನೀರು ಕೇಳಿ.