ಕಾಲು ನೋಡಿ ದಾರಿ ಹೇಳುವವಳು

ಬಸ್ ನಿಲ್ದಾಣದ ಪ್ರವಾಸಿ ಮಾಹಿತಿ ಕೌಂಟರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿರುವವಳನ್ನು ಎಲ್ಲರೂ ಕರೆಯುವುದು ವಿಚಾರಣೆ ಅಕ್ಕ ಅಂತಲೇ. ಟೈಲರ್ ಗಂಡನೂ ಅಷ್ಟೇ, ಮನೆಯಲ್ಲಿ ಕತ್ತರಿ ಕಾಣದಿದ್ದರೆ "ವಿಚಾರಣೆಯವರೇ, ಸ್ವಲ್ಪ ದಾರಿ ತೋರಿಸಿ" ಅನ್ನುತ್ತಾನೆ. "ಮೂಗಿನ ಕೆಳಗೇ ಇದೆ, ಕಣ್ಣು ಬಿಟ್ಟು ನೋಡಿ" ಅನ್ನುತ್ತಾಳೆ ಇವಳು.

ಅವಳದೊಂದು ರೀತಿ ಇತ್ತು. ಜನ ಬಾಗಿಲಲ್ಲಿ ಕಾಣಿಸಿದಾಗಲೇ ಮೊದಲು ಕಾಲು ನೋಡುವಳು, ಆಮೇಲೆ ಮುಖ. ಗುಡ್ಡದ ಕೋಟೆಗೆ ಎಷ್ಟು ಹೊತ್ತು ಬೇಕು ಅಂತ ಕೇಳಿದರೆ ಕಾಲೇಜು ಹುಡುಗರಿಗೆ "ಮುಕ್ಕಾಲು ಗಂಟೆ, ಹೊರಡಿ" ಅನ್ನುವಳು. ಕಂಕುಳಲ್ಲಿ ಕೂಸಿದ್ದವಳಿಗೆ "ಎರಡು ಗಂಟೆ ಕಣಮ್ಮ, ನೀರು ತಗೊಂಡು ಹೋಗು." ಮಂಡಿ ಹಿಡಿದುಕೊಂಡು ಬಂದವರಿಗಾದರೆ, "ಎಂಟುನೂರು ಮೆಟ್ಟಿಲು ಸ್ವಾಮಿ! ಯಾಕೆ ಬೇಕು ನಿಮಗೆ ಆ ಉಸಾಬರಿ? ಕೆರೆ ಏರಿ ಮೇಲೆ ಕೂತ್ಕೊಳ್ಳಿ, ಕೋಟೆ ಅಲ್ಲಿಂದಲೇ ಚೆನ್ನಾಗಿ ಕಾಣುತ್ತೆ." ಒಂದೇ ಪ್ರಶ್ನೆಗೆ ಮೂರು ಉತ್ತರ, ಮೂರೂ ನಿಜ. ಅವಳ ಮಾತು ಕೇಳಿ ಕೆಟ್ಟವರು ಒಬ್ಬರೂ ಇರಲಿಲ್ಲ.

ಹೋದ ವರ್ಷ ಹೊಸ ಮ್ಯಾನೇಜರು ಬಂದ. ಅವನ ಹಿಂದೆಯೇ ಬಂತಪ್ಪ, ಆಳೆತ್ತರದ ಟಚ್ ಸ್ಕ್ರೀನು! ಅದರೊಳಗೆ ತುಂಬಲು ವಿಷಯ ಎಲ್ಲಿಂದ ಬರಬೇಕು? ಅಕ್ಕನ ತಲೆಯಿಂದ. ಮೂರು ತಿಂಗಳು ಕಂಪ್ಯೂಟರ್ ಮುಂದೆ ಕೂತು, ಬಸ್ಸಿನ ಸಮಯ, ಮೆಟ್ಟಿಲ ಸಂಖ್ಯೆ, ಕುಡಿಯುವ ನೀರು ಎಲ್ಲಿ, ಶೌಚಾಲಯ ಎಲ್ಲಿ, ಎಲ್ಲ ಬಡಿದಳು. ಕೋಟೆಯ ಹತ್ತಿರ ಬಂದು ಕೈ ನಿಂತಿತು. 'ತಗಲುವ ಸಮಯ' ಅಂತ ಒಂದೇ ಒಂದು ಮನೆ, ಅದರಲ್ಲಿ ಒಂದೇ ಸಂಖ್ಯೆ.

"ಸರಾಸರಿ ಹಾಕಿ ಮೇಡಂ," ಅಂದ ಮ್ಯಾನೇಜರು.

"ಸರಾಸರಿ ಕಾಲು ಇರೋರು ಯಾರು ಸಾರ್?"

ಅವನು ನಕ್ಕ. ಅವಳು ಒಂದು ಗಂಟೆ ಅಂತ ಹಾಕಿದಳು. ಆದರೂ ಮನಸ್ಸು ತಡೆಯದೆ ಕೆಳಗೆ ಸೇರಿಸಿದಳು: 'ಮಂಡಿನೋವಿನವರು ಹತ್ತಬೇಡಿ. ಮಧ್ಯಾಹ್ನ ಎರಡರ ಮೇಲೆ ಹೊರಡಬೇಡಿ. ವಾಪಸ್ ಕೊನೆಯ ಬಸ್ಸು ನಾಲ್ಕೂವರೆಗೆ.' ಮರುದಿನ ನೋಡಿದರೆ ಅದು ಮಾಯ. ಆ ಜಾಗದಲ್ಲಿ 'ಸೂರ್ಯಾಸ್ತ ನೋಡಲು ಅತ್ಯುತ್ತಮ' ಅಂತಿತ್ತು.

"ಬೇಡ, ಬೇಡ ಅಂತ ಬರೆದ್ರೆ ಯಾರು ಬರ್ತಾರೆ ಮೇಡಂ?" ಅಂದ ಮ್ಯಾನೇಜರು. "ನೋಡಿ, ಎಷ್ಟು ಜನ ಸ್ಕ್ರೀನ್ ಮುಟ್ಟಿದ್ರು ಅಂತ ಮೇಲಿನವರು ದಿನಾ ನೋಡ್ತಾರೆ. ನೀವು ಬಾಯಲ್ಲೇ ಹೇಳ್ತಾ ಕೂತ್ರೆ ಅದನ್ನ ಯಾರು ಮುಟ್ತಾರೆ? ಜನರನ್ನ ಅತ್ತ ಕಳಿಸಿ. ಕಳಿಸೋಕೆ ಒಬ್ಬರು ಬೇಕಲ್ಲ, ಹಾಗೆ ಕಳಿಸ್ತಾ ಇರೋವರೆಗೆ ನಿಮ್ಮ ಕುರ್ಚಿ ಇರುತ್ತೆ."

ಗಂಡನ ಅಂಗಡಿಗೆ ಈಗ ಬರುವವರು ಜಿಪ್ಪು ಕಿತ್ತುಹೋದವರು ಮಾತ್ರ. ಮಗಳ ನರ್ಸಿಂಗ್ ಓದು ಇನ್ನೂ ಒಂದು ವರ್ಷ ಇದೆ. ಅಕ್ಕ ಬಾಯಿಗೆ ಬೀಗ ಹಾಕಿಕೊಂಡಳು. ಹೊಟ್ಟೆಪಾಡು ಅನ್ನಿ, ಹೇಡಿತನ ಅನ್ನಿ, ಅವಳೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅವಳೇ ಅದನ್ನು ದಿನಕ್ಕೆ ಹತ್ತು ಸಲ ಅಂದುಕೊಂಡಿದ್ದಾಳೆ.

ಆ ದಿನ ಮಧ್ಯಾಹ್ನ ಎರಡೂವರೆ. ಮೇಲಿನ ಕಚೇರಿಯ ಇಬ್ಬರನ್ನು ಕರೆತಂದು ಮ್ಯಾನೇಜರು ಅವಳ ಬೆನ್ನ ಹಿಂದೆಯೇ ನಿಂತಿದ್ದ. ಬಾಗಿಲಲ್ಲಿ ನಾಲ್ಕು ಕಾಲು ಕಾಣಿಸಿದವು. ಎರಡು ಮುದುಕರವು, ಬ್ಯಾಗಿನ ಭಾರಕ್ಕೆ ಒಂದು ಕಡೆ ವಾಲಿದ್ದವು. ಇನ್ನೆರಡು ಹೆಂಗಸಿನವು, ಚಪ್ಪಲಿಯ ಪಟ್ಟಿ ಮಾಂಸದಲ್ಲಿ ಹೂತುಹೋಗುವಷ್ಟು ಊದಿದ್ದವು. ಅಕ್ಕನಿಗೆ ಅಷ್ಟೇ ಸಾಕಿತ್ತು. ತಲೆ ತಗ್ಗಿಸಿ ರಿಜಿಸ್ಟರಿನಲ್ಲಿ ಏನೋ ಬರೆಯುವವಳ ಹಾಗೆ ಗೀಚಿದಳು.

"ಕೋಟೆಗೆ ಹೋಗಬಹುದೇನಮ್ಮ ಈಗ?" ಅಂದರು ಆಕೆ.

"ಅಲ್ಲಿ ಕೇಳಿ," ಅಂತ ತಲೆ ಎತ್ತದೆ ಸ್ಕ್ರೀನಿನತ್ತ ಬೆರಳು ತೋರಿಸಿದಳು.

"ಒಂದೇ ಗಂಟೆಯಂತೆ ರೀ! ಸೂರ್ಯಾಸ್ತವೂ ಸಿಗುತ್ತಂತೆ," ಅಂತ ಆಕೆ ಗಂಡನಿಗೆ ಹೇಳಿದ್ದು ಕೇಳಿಸಿತು. ಕೋಟೆಯ ಬಸ್ಸು ಇನ್ನೂ ಆರು ನಿಮಿಷ ಅಲ್ಲೇ ನಿಂತಿತ್ತು. ಎದ್ದರೆ ಹತ್ತು ಹೆಜ್ಜೆ. ಹಿಂದೆ ಮ್ಯಾನೇಜರು ಸ್ಕ್ರೀನಿನ ಸಂಖ್ಯೆ ತೋರಿಸಿ ಬೀಗುತ್ತಿದ್ದ. ಬಸ್ಸು ಹೊರಟಿತು.

ಮರುದಿನ ಬೆಳಿಗ್ಗೆ ಮುದುಕರು ಒಬ್ಬರೇ ಬಂದರು. ಸೂರ್ಯ ಮುಳುಗಿ ಮೆಟ್ಟಿಲಿಳಿಯಲು ಹೊರಟಾಗ ಕತ್ತಲಾಗಿತ್ತಂತೆ, ಕೊನೆಯ ಬಸ್ಸೂ ಹೋಗಿತ್ತಂತೆ. ಅರ್ಧ ಮೆಟ್ಟಿಲು ಇಳಿಯುವಷ್ಟರಲ್ಲಿ ಆಕೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿದೆ. ಜನ ಚಾದರದಲ್ಲಿ ಎತ್ತಿಕೊಂಡು ಬಂದು ದೊಡ್ಡಾಸ್ಪತ್ರೆಗೆ ಸೇರಿಸಿದ್ದಾರೆ. ಆಕೆ ಇನ್ನು ನಡೆಯುವುದು ಕಷ್ಟ ಅಂದಿದ್ದಾರೆ ಡಾಕ್ಟರು. ಆಸ್ಪತ್ರೆ ಹತ್ತಿರ ಉಳಿಯಲು ಒಂದು ಕೋಣೆ ಸಿಗುತ್ತಾ, ಇಷ್ಟೇ ಅವರು ಕೇಳಿದ್ದು.

ಅಕ್ಕ ಕೌಂಟರಿನ ಬಾಗಿಲು ತೆಗೆದು ಹೊರಗೆ ಬಂದಳು. ಅವರನ್ನು ಬೆಂಚಿನ ಮೇಲೆ ಕೂರಿಸಿದಳು. ಯಾವ ಲಾಡ್ಜಿನಲ್ಲಿ ಕೆಳಗಿನ ಮಹಡಿಯಲ್ಲೇ ಕೋಣೆ ಸಿಗುತ್ತೆ, ಯಾವ ಔಷಧಿ ಅಂಗಡಿ ರಾತ್ರಿಯೂ ತೆಗೆದಿರುತ್ತೆ, ವಾರ್ಡಿನಲ್ಲಿ ಯಾವ ನರ್ಸನ್ನು ಕೇಳಬೇಕು, ಎಲ್ಲ ಹೇಳಿ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟಳು. ಸ್ಕ್ರೀನು ಬಣ್ಣ ಬಣ್ಣವಾಗಿ ಮಿನುಗುತ್ತಿತ್ತು. ಮ್ಯಾನೇಜರು ದುರುಗುಟ್ಟಿ ನೋಡಿದ. ಇವಳು ಅತ್ತ ತಿರುಗಲೂ ಇಲ್ಲ.

ಮುದುಕರು ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಅವಳ ಮುಖ ನೋಡಿದರು.

"ನಿನ್ನೆ ಇಲ್ಲಿ ಯಾರೋ ಬೇರೆಯವರು ಕೂತಿದ್ರು ತಾಯಿ. ತಲೆ ಎತ್ತಿ ನೋಡಲೂ ಇಲ್ಲ. ನೀವಿರಲಿಲ್ವಾ?"

ಅಕ್ಕ ಪೆನ್ನಿನ ಮುಚ್ಚಳ ಹಾಕಿದಳು.

"ಇಲ್ಲ," ಅಂದಳು. "ನಿನ್ನೆ ನನಗೆ ರಜೆ."

"ಅದಕ್ಕೇ ಹೀಗಾಯ್ತು ನೋಡಿ," ಅಂದರು ಮುದುಕರು.