ತೂತು ಮುಚ್ಚಿದ ಕವರು

ನನ್ನ ಅತ್ತಿಗೆಗೆ ಕರುಣೆಯಿಲ್ಲ. ಇದನ್ನು ಬೈದು ಹೇಳುತ್ತಿಲ್ಲ. ತರಕಾರಿ ಪ್ಯಾಕ್ ಮಾಡುವ ಶೆಡ್ಡಿನಲ್ಲಿ ಅವಳನ್ನು ಮೇಲ್ವಿಚಾರಕಿ ಮಾಡಿದ್ದೇ ಆ ಕಾರಣಕ್ಕೆ. ನೀರು ಆರದ ಸೊಪ್ಪನ್ನು ಕವರಿಗೆ ತುಂಬಿದನೆಂದು ಸ್ವಂತ ತಮ್ಮನನ್ನೇ ಕೆಲಸದಿಂದ ಕಳಿಸಿದವಳು. ಅವನು ಇವತ್ತಿಗೂ ಅವಳ ಹೊಸ್ತಿಲು ತುಳಿದಿಲ್ಲ. ಅತ್ತಿಗೆ ಅದನ್ನು ಗಮನಿಸಿದಂತೆಯೂ ಇಲ್ಲ.

ಹೊಸಬರಿಗೆ ಅವಳು ಮೊದಲ ದಿನ ಒಂದೇ ಒಂದು ಕವರು ತುಂಬಲು ಕೊಡುತ್ತಾಳೆ. ಅದು ಅವಳ ಕೋಣೆಯ ಕಪಾಟಿನಲ್ಲಿ ಒಂದು ವಾರ ಕೂರುತ್ತದೆ. ಅಲ್ಲಿಯವರೆಗೆ ತುಂಬಿದವರು ಕಸ ಗುಡಿಸುತ್ತಾರೆ. ಒಳಗಿನದು ಚೆನ್ನಾಗಿದ್ದರೆ ಕೆಲಸ, ಕೊಳೆತರೆ ಮನೆ.

ಈ ಸಲದ ಹೊಸಬಳು ನನ್ನ ತಮ್ಮನ ಹೆಂಡತಿ, ಎಂದರೆ ಅತ್ತಿಗೆಯ ಓರಗಿತ್ತಿ. ತಮ್ಮ ಸೊಂಟ ಮುರಿದುಕೊಂಡು ಮಲಗಿದ್ದ. ಈ ಕೆಲಸವೂ ತಪ್ಪಿದರೆ ಅವರ ಮನೆಯಲ್ಲಿ ಒಲೆ ಉರಿಯುವುದು ಕಷ್ಟವಿತ್ತು. ಓರಗಿತ್ತಿಯರಿಗೆ ಎಷ್ಟೋ ವರ್ಷದಿಂದ ಮಾತಿರಲಿಲ್ಲ. ಯಾಕೆಂಬುದು ಇಬ್ಬರಿಗೂ ಮರೆತುಹೋಗಿತ್ತು, ಆದರೂ ಹಟ ಬಿಟ್ಟಿರಲಿಲ್ಲ. ಕವರನ್ನೂ ಸೌತೆಕಾಯಿಯನ್ನೂ ಅತ್ತಿಗೆ ಕೈಸನ್ನೆಯಲ್ಲೇ ತೋರಿಸಿ ಕೊಟ್ಟಿದ್ದಳು.

ವಾರ ತುಂಬಿದ ದಿನ ನಾನು ಆ ಕೋಣೆಯಲ್ಲಿದ್ದೆ. ಕವರಿನ ಒಳಗೆಲ್ಲ ಬೆವರು. ಎಳೆ ಸೌತೆಕಾಯಿ ಲೋಳೆಗಟ್ಟಿತ್ತು. ಗಾಳಿಯಾಡಲೆಂದು ಹೊಡೆದ ತೂತುಗಳ ಮೇಲೆ ಅಚ್ಚುಕಟ್ಟಾಗಿ ಟೇಪು ಅಂಟಿಸಿತ್ತು.

"ಇದೇನೇ ಇದು?" ಅತ್ತಿಗೆಯ ಬಾಯಿಂದ ಮಾತು ಬಂದೇಬಿಟ್ಟಿತು.

"ಕವರು ತೂತಾಗಿತ್ತಕ್ಕಾ. ತೂತಿರೋದನ್ನ ಕೊಟ್ರೆ ತಗೊಂಡೋರು ನಮ್ಮನ್ನ ಏನಂದ್ಕೋತಾರೆ? ಅದಕ್ಕೇ ಮುಚ್ಚಿದೆ."

"ಎಲ್ಲಾನೂ?"

"ಒಂದೂ ಬಿಟ್ಟಿಲ್ಲ."

"ಉಸಿರಾಡಲಿ ಅಂತ ಇಟ್ಟ ತೂತು ಕಣೇ ಅದು! ನಿನ್ನ ಮೂಗಿಗೂ ಟೇಪು ಹಚ್ಚಲಾ?"

"ನೀವು ಹೇಳ್ಲೇ ಇಲ್ವಲ್ಲಕ್ಕಾ."

ಹೊರಗೆ ಮಾಲೀಕರ ಕೆಮ್ಮು ಕೇಳಿಸಿತು. ಹೊಸಬರ ಕವರನ್ನು ಅವರೂ ಒಮ್ಮೆ ನೋಡುವುದು ಪದ್ಧತಿ. ಓರಗಿತ್ತಿ ಪೊರಕೆಯನ್ನು ಗೋಡೆಗೆ ಒರಗಿಸಿ, ಚೀಲ ಹೆಗಲಿಗೇರಿಸಿಕೊಂಡಳು.

ಅತ್ತಿಗೆ ಕವರು ಹರಿದಳು. ಆ ಸೌತೆಕಾಯಿಯನ್ನು ಕಚ್ಚಿ, ಅಗಿದು, ನುಂಗಿದಳು. ತೊಟ್ಟನ್ನೂ ಬಿಡಲಿಲ್ಲ.

"ಎಲ್ಲಿದೆಯಮ್ಮಾ ಹೊಸಬಳ ಕವರು?" ಎನ್ನುತ್ತ ಮಾಲೀಕರು ಒಳಗೆ ಬಂದರು.

"ಹಸಿವಾಗಿತ್ತು, ತಿಂದೆ."

"ಹೇಗಿತ್ತು?"

ಅತ್ತಿಗೆ ಗಲ್ಲದ ಲೋಳೆಯನ್ನು ಒರೆಸಿಕೊಂಡಳು.

"ಈಗ ಬಳ್ಳಿಯಿಂದ ಕಿತ್ತ ಹಾಗಿತ್ತು," ಎಂದು ಟೇಪು ಹತ್ತಿದ ಕವರನ್ನು ಮುದುರಿ ಮುಷ್ಟಿಯೊಳಗೆ ಅಡಗಿಸಿಕೊಂಡಳು.